ಹೊಳೆಯ ಹೊತ್ತು: ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆಗಳಿಗೆ ಕಡಲ ವಿಜ್ಞಾನದ ಪಾಠ

ಕರ್ನಾಟಕದಲ್ಲಿ ನೀರಿನ ಚರ್ಚೆ ಎಲ್ಲಿ ಎದ್ದರೂ ಒಂದು ಮಾತು ತಪ್ಪದೆ ಬರುತ್ತದೆ: ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರು ಸಮುದ್ರ ಸೇರಿ ವ್ಯರ್ಥವಾಗುತ್ತಿದೆ. ಭಾಷಣಗಳಲ್ಲಿ, ಪತ್ರಿಕೆಯ ತಲೆಬರಹಗಳಲ್ಲಿ, ಶಾಲೆಯ ಪ್ರಬಂಧ ಸ್ಪರ್ಧೆಗಳಲ್ಲಿ ಇದು ಯಾರೂ ಪ್ರಶ್ನಿಸಬೇಕಿಲ್ಲದ ಸತ್ಯದಂತೆ ಓಡಾಡುತ್ತದೆ. ಆದರೆ ಇದು ಪರೀಕ್ಷಿಸಿ ನೋಡಬಹುದಾದ ಹೇಳಿಕೆ. ಸಮುದ್ರ ಸೇರಿದ ಸಿಹಿನೀರು ಅಲ್ಲಿ ಏನು ಮಾಡುತ್ತದೆ, ಬಾರದಿದ್ದರೆ ಏನಾಗುತ್ತದೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಏನಾಗುತ್ತದೆ ಎಂಬುದಕ್ಕೆ ಕಡಲ ವಿಜ್ಞಾನ ಉತ್ತರ ಹುಡುಕಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ಕಡಲ ವಿಜ್ಞಾನ ಕಲಿಸುವುದಾದರೆ ಈ ಪ್ರಶ್ನೆಯಿಂದಲೇ ಹೊರಡಬೇಕು. ಆ ಪಾಠವನ್ನು ವಿಜ್ಞಾನಿಯೂ ಊರಿನ ಮೇಷ್ಟರೂ ಒಟ್ಟಿಗೆ ಕೂತು ಕಟ್ಟಬೇಕು. ಈ ಟಿಪ್ಪಣಿಯ ವಾದ ಇಷ್ಟೆ.

ಈ ಮೂರು ತಾಲ್ಲೂಕುಗಳಿಗೆ ಕರಾವಳಿಯಿಲ್ಲ, ಆದರೆ ಒಂದಲ್ಲ ಎರಡು ಕಡಲುಗಳ ನಂಟಿದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಕೆಳಗೆ ಧುಮುಕಿ, ಒಟ್ಟು ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಅದೇ ತೀರ್ಥಹಳ್ಳಿಯ ಪೇಟೆಯನ್ನು ಬಳಸಿ ಹೋಗುವ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಮುಂದೆ ಕೃಷ್ಣೆಯ ಪಾಲಾಗಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಹೊಸನಗರದಲ್ಲೂ ಹೀಗೆಯೇ. ವಾರಾಹಿ, ಚಕ್ರಾ ಹೊಳೆಗಳು ಘಟ್ಟ ಇಳಿದು ಗಂಗೊಳ್ಳಿಯ ಅಳಿವೆ ಸೇರಿದರೆ, ಹುಂಚದ ಕಡೆ ಹುಟ್ಟುವ ಕುಮುದ್ವತಿ ಶಿಕಾರಿಪುರದತ್ತ ಹೊರಟು ತುಂಗಭದ್ರೆಯನ್ನು ಕೂಡುತ್ತದೆ. ಸಾಗರದಲ್ಲಿ ಶರಾವತಿ ಪಡುವಣಕ್ಕೆ ಹೋಗುತ್ತದೆ. ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದೆ ಮೂಡಣಕ್ಕೆ. ಆಗುಂಬೆಯಲ್ಲಂತೂ ಮನೆಯ ಮಾಡಿನ ನೆತ್ತಿಗೆ ಬಿದ್ದ ಹನಿ ಎರಡು ಸೂರುಗಳಿಗೆ ಹಂಚಿಹೋಗುವ ಹಾಗೆ, ಒಂದೇ ಮಳೆಯ ನೀರು ಮಾಲತಿಯ ಮೂಲಕ ತುಂಗೆಗೂ ಸೀತಾನದಿಯ ಮೂಲಕ ಬಾರಕೂರಿನ ಕಡಲಿಗೂ ಹೋಗುತ್ತದೆ. ಸಮುದ್ರವನ್ನು ಕಣ್ಣಾರೆ ನೋಡದ ಮಗುವಿಗೂ ಅದರ ಕಥೆಯನ್ನು ಮನೆಯ ಹಿಂದಿನ ಹಳ್ಳದಿಂದ ಆರಂಭಿಸಲು ಇದಕ್ಕಿಂತ ಒಳ್ಳೆಯ ನೆಲ ರಾಜ್ಯದಲ್ಲಿ ಕಡಿಮೆ.

ಹೊರಗಿನ ಅನುಭವವೊಂದನ್ನು ಇಲ್ಲಿ ಚುಟುಕಾಗಿ ನೆನೆಯಬೇಕು. ಅಮೆರಿಕದಲ್ಲಿ 2002ರಿಂದ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ ಕಡಲ ವಿಜ್ಞಾನ ಶಿಕ್ಷಣ ಕೇಂದ್ರಗಳ ಜಾಲವೊಂದು ಬೆಳೆಯಿತು. ಅದರ ಭಾಗವಾಗಿ ಬರ್ಕ್ಲಿಯ ಲಾರೆನ್ಸ್ ಹಾಲ್ ಆಫ್ ಸೈನ್ಸ್ ರೂಪಿಸಿದ ಕಾಲೇಜು ಕೋರ್ಸಿನ ಕ್ರಮ ಗಮನಾರ್ಹ: ಒಬ್ಬ ಕಡಲ ವಿಜ್ಞಾನಿ, ಒಬ್ಬ ಶಿಕ್ಷಣ ತಜ್ಞ ಒಂದೇ ತರಗತಿಯಲ್ಲಿ ಜತೆಯಾಗಿ ಪಾಠ ಮಾಡುತ್ತಾರೆ. ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದನ್ನೂ ಕಡಲು ಹೇಗೆ ನಡೆಯುತ್ತದೆ ಎಂಬುದನ್ನೂ ವಿದ್ಯಾರ್ಥಿಗಳು ಒಟ್ಟಿಗೆ ಅರಿತು, ಆಮೇಲೆ ಶಾಲೆಗಳಿಗೆ ಹೋಗಿ ತಾವೇ ಕಲಿಸುತ್ತಾರೆ. ಅಲ್ಲಿಯೇ ವಿಜ್ಞಾನಿಗಳೂ ಶಿಕ್ಷಕರೂ ಸೇರಿ ಕಡಲಿನ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಏಳು ಮೂಲತತ್ತ್ವಗಳನ್ನು 2005ರಲ್ಲಿ ಗೊತ್ತುಮಾಡಿದರು. ಭೂಮಿಯ ಮೇಲೆ ಇರುವುದು ಒಂದೇ ಮಹಾಸಾಗರ ಎಂಬುದು ಮೊದಲನೆಯದು. ದೊಡ್ಡ ಜಲಾನಯನಗಳೆಲ್ಲ ಕೊನೆಗೆ ಕಡಲಿಗೇ ಬರಿದಾಗುತ್ತವೆ ಎಂಬ ಅಂಶ ಅದರ ಒಳಗೇ ಇದೆ. ಘಟ್ಟದ ಮೇಲಿನ ಶಾಲೆಗೆ ಕಡಲ ಪಾಠ ಹೊರಗಿನದಲ್ಲ ಎನ್ನಲು ಈ ಒಂದು ಅಂಶ ಸಾಕು.

ನಮ್ಮಲ್ಲಿ ಇಂಥ ಜತೆಗಾರಿಕೆ ಬೇರೆ ಹೆಸರಿನಲ್ಲಿ, ಬೇರೆ ಉದ್ದೇಶಕ್ಕೆ ಆಗಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಪಶ್ಚಿಮಘಟ್ಟದ ಕಾಲೇಜು ಅಧ್ಯಾಪಕರನ್ನು ಕೂಡಿಸಿ ಜೀವವೈವಿಧ್ಯ ದಾಖಲಿಸುವ ಜಾಲವೊಂದನ್ನು ಕಟ್ಟಿದರು. ಅದೇ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಶರಾವತಿ ಕಣಿವೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿತು. ಆ ತಂಡದ ಬಲಗೈಯಾಗಿದ್ದ ಎಂ.ಡಿ. ಸುಭಾಷ್ ಚಂದ್ರನ್ ಮೂಲತಃ ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರು. ಪ್ರಯೋಗಾಲಯದ ಶಿಸ್ತು ಒಬ್ಬರದು, ಊರು-ಕಾನು-ಅಳಿವೆಗಳ ದೀರ್ಘ ಪರಿಚಯ ಇನ್ನೊಬ್ಬರದು. ಶರಾವತಿಯ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಈ ಕೂಡುವಿಕೆಯ ಫಲ. ಶರಾವತಿಯಲ್ಲಿ ದೊರೆತು 2004ರಲ್ಲಿ ಬತಾಸಿಯೊ ಶರಾವತಿಯೆನ್ಸಿಸ್ ಎಂದು ಹೆಸರಾದ ಮೀನು ಮತ್ತು 2006ರಲ್ಲಿ ಹೊಸನಗರ ತಾಲ್ಲೂಕಿನ ನಾಗೋಡಿಯ ಹೆಸರು ಹೊತ್ತ ಷಿಸ್ಟುರಾ ನಾಗೋಡಿಯೆನ್ಸಿಸ್ ಎಂಬ ಪುಟ್ಟ ಕಲ್ಲುಮೀನು ಇದೇ ಕಾಲದ ಹುಡುಕಾಟಗಳಲ್ಲಿ ವಿಜ್ಞಾನದ ಪಟ್ಟಿಗೆ ಸೇರಿದವು. ತನ್ನ ಊರಿನ ಹೆಸರು ಜಗತ್ತಿನ ಮೀನುಗಳ ಪಟ್ಟಿಯಲ್ಲಿದೆ ಎಂದು ನಾಗೋಡಿಯ ಮಗುವಿಗೆ ತಿಳಿಯಬೇಕು. ಅದನ್ನು ಹೇಳಬೇಕಾದದ್ದು ಅಲ್ಲಿಯ ಶಾಲೆ.

ಈ ಅಧ್ಯಯನಗಳಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಹೊನ್ನಾವರದ ಅಳಿವೆಯ ಕಥೆ. ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಅಳಿವೆ ಎಂದರೆ ಹೊಳೆ ಮತ್ತು ಕಡಲು ದಿನಕ್ಕೆರಡು ಬಾರಿ ಒಂದನ್ನೊಂದು ತಳ್ಳಾಡುವ ಜಾಗ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು. ಕೆಂಪು ನೀರು ಅಳಿವೆಯ ಬಾಯಿಯವರೆಗೂ ಸಿಹಿಯಾಗಿರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗುತ್ತದೆ, ಭರತದ ನೀರು ಉಪ್ಪನ್ನು ಹೊತ್ತು ಕಿಲೋಮೀಟರುಗಟ್ಟಲೆ ಒಳಗೆ ಏರುತ್ತದೆ. ಬಳಚು ಮುಂತಾದ ಚಿಪ್ಪಿನ ಜೀವಿಗಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬೆಳೆಯಲು ಒಳಬರುವ ಮೀನು-ಸಿಗಡಿ ಮರಿಗಳು, ಗಜನಿ ಗದ್ದೆಯ ಉಪ್ಪುನೀರು ತಾಳುವ ಕಗ್ಗ ಭತ್ತ, ಇವೆಲ್ಲ ಈ ಸಿಹಿ-ಉಪ್ಪಿನ ವಾರ್ಷಿಕ ಸರದಿಗೆ ಒಗ್ಗಿಕೊಂಡ ಬದುಕುಗಳು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿನ ಅಳಿವೆಯಲ್ಲಿ ಚಿಪ್ಪು ಆಯುವ ಕೆಲಸವೊಂದರಿಂದಲೇ ಎರಡು ಸಾವಿರಕ್ಕೂ ಹೆಚ್ಚು ಮಂದಿ ಜೀವನ ಸಾಗಿಸುತ್ತಾರೆ ಎಂದು ರಾಮಚಂದ್ರ ಅವರ ತಂಡವೇ ಲೆಕ್ಕ ಹಾಕಿತ್ತು. 2024ರಲ್ಲಿ ಆ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಶರಾವತಿಯಲ್ಲಿ ನಡೆದದ್ದು ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 151 ಟಿಎಂಸಿ ನೀರು ಹಿಡಿಯುವ ಜಲಾಶಯ. ಚಕ್ರಾ, ಸಾವೆಹಕ್ಲುಗಳಲ್ಲಿ ತಡೆದ ನೀರನ್ನೂ ಅದಕ್ಕೆ ತಿರುಗಿಸಲಾಯಿತು. ಅಂದರೆ ಗಂಗೊಳ್ಳಿಗೆ ಹೋಗಬೇಕಾದ ಹೊಸನಗರದ ಮಳೆಯ ಒಂದು ಭಾಗ ಈಗ ಹೊನ್ನಾವರಕ್ಕೆ ಹೋಗುತ್ತಿದೆ. ವಿದ್ಯುತ್ ಮನೆಗಳು ಬೇಸಿಗೆಯಲ್ಲೂ ನಡೆಯಬೇಕು. ಆದ್ದರಿಂದ ಮಳೆಗಾಲದಲ್ಲಿ ಕೂಡಿಟ್ಟ ನೀರು ವರ್ಷವಿಡೀ, ಮಾರ್ಚ್-ಏಪ್ರಿಲ್‌ನಲ್ಲೂ, ಗೇರುಸೊಪ್ಪೆಯ ಅಣೆಕಟ್ಟಿನಿಂದ ಕೆಳಗೆ ಇಳಿಯುತ್ತಲೇ ಇರುತ್ತದೆ. ಉಪ್ಪು ಏರಿಬರಬೇಕಾದ ಕಾಲದಲ್ಲಿ ಸಿಹಿನೀರು ಅದನ್ನು ಹಿಂದಕ್ಕೆ ನೂಕುತ್ತದೆ. ಅಳಿವೆ ವರ್ಷಪೂರ್ತಿ ಸಪ್ಪೆಯಾಯಿತು. ಚಿಪ್ಪಿನ ಜೀವಿಗಳು ನಶಿಸಿದವು, ಉಪ್ಪು ಬಯಸುವ ಕಾಂಡ್ಲಾ ಜಾತಿಗಳು ಹಿಂದೆ ಸರಿದವು, ಉಪ್ಪು ತೆಗೆಯುವ ಕೆಲಸ ನಿಂತಿತು ಎಂದು ಅಧ್ಯಯನಗಳು ದಾಖಲಿಸಿವೆ.

ಈ ಪ್ರಕರಣದ ಮಹತ್ವ ಇಲ್ಲಿದೆ. ಸಮುದ್ರಕ್ಕೆ ಹೋದ ನೀರು ವ್ಯರ್ಥ ಎನ್ನುವವರ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಹೊಳೆಯ ನೀರೆಲ್ಲ ಕಡಲಿಗೆ ಒಳ್ಳೆಯದೇ ಎನ್ನುವ ಎದುರು ಮಾತೂ ನಿಲ್ಲುವುದಿಲ್ಲ. ಹೊನ್ನಾವರದ ಅಳಿವೆಯನ್ನು ಕೆಡಿಸಿದ್ದು ನೀರಿನ ಕೊರತೆಯಲ್ಲ, ಹೊತ್ತು ತಪ್ಪಿ ಬಂದ ನೀರು. ಎಷ್ಟು ನೀರು ಎಂಬುದರಷ್ಟೇ ಯಾವಾಗ ಎಂಬುದೂ ಕಡಲಿಗೆ ಮುಖ್ಯ. ಮಲೆನಾಡಿನವರಿಗೆ ಈ ಮಾತು ಹೊಸದಲ್ಲ. ಅಡಿಕೆಗೆ ಕೊಳೆ ಔಷಧಿ ಹೊಡೆಯುವವರು, ಸಸಿ ನೆಡುವವರು, ಹದ ನೋಡಿ ಬಿತ್ತುವವರು ಯಾರನ್ನೇ ಕೇಳಿ. ಒಂದೇ ಮಳೆ ಒಂದು ವಾರ ವರವಾಗಿ ಇನ್ನೊಂದು ವಾರ ಹಾನಿಯಾಗುವುದನ್ನು ಅವರು ಬಲ್ಲರು. ವಿಜ್ಞಾನಿಯ ಅಂಕಿಅಂಶ ಮತ್ತು ಊರಿನ ತಿಳಿವಳಿಕೆ ಸೇರುವ ಜಾಗ ಇದೇ. ಆ ಜಾಗವನ್ನು ಗುರುತಿಸಬಲ್ಲವರು ವಿಜ್ಞಾನಿಯಲ್ಲ, ಮೇಷ್ಟರು.

ಹೊರನಾಡಿನ ಒಂದು ಉದಾಹರಣೆ ಇದಕ್ಕೆ ಪೂರಕ, ಎಚ್ಚರಿಕೆಯೂ ಹೌದು. ಲಿಂಗನಮಕ್ಕಿ ಮುಗಿದ 1964ರಲ್ಲೇ ಈಜಿಪ್ಟಿನ ಅಸ್ವಾನ್ ಅಣೆಕಟ್ಟಿನ ಹಿಂದೆ ನೈಲ್ ನದಿಯ ನೀರು ನಿಲ್ಲತೊಡಗಿತು. ಪ್ರವಾಹದ ಜತೆ ಮೆಡಿಟರೇನಿಯನ್ ಕಡಲಿಗೆ ಬರುತ್ತಿದ್ದ ಪೋಷಕಾಂಶ ನಿಂತುಹೋಯಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಈಜಿಪ್ಟಿನ ಸಾರ್ಡೀನ್ ಮೀನಿನ ಹಿಡಿತ 1968ರ ಹೊತ್ತಿಗೆ ಸಾವಿರ ಟನ್ನಿಗೂ ಕೆಳಗೆ ಇಳಿಯಿತು. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಳಗ. ಕಥೆ ಇಲ್ಲಿಗೇ ಮುಗಿದಿದ್ದರೆ ಪಾಠ ಸುಲಭವಾಗುತ್ತಿತ್ತು. ಆದರೆ 1980ರ ದಶಕದಿಂದ ಅಲ್ಲಿನ ಮೀನುಗಾರಿಕೆ ಮತ್ತೆ ಚೇತರಿಸಿಕೊಂಡಿತು. ಹೊಲಗಳ ರಸಗೊಬ್ಬರ ಮತ್ತು ನಗರಗಳ ಕೊಳಚೆಯ ಪೋಷಕಾಂಶ ನೈಲ್ ನದಿಯ ಹೂಳಿನ ಜಾಗ ಹಿಡಿದದ್ದು ಅದಕ್ಕೆ ಕಾರಣ ಎಂಬುದು ಒಂದು ಪ್ರಬಲ ವಿವರಣೆ. ಮೇಲಾಗಿ ಈ ಕಥೆಯನ್ನು ಕರ್ನಾಟಕದ ಕರಾವಳಿಗೆ ಹಾಗೇ ತಂದು ಅಂಟಿಸಲಾಗದು. ನಮ್ಮ ಬೂತಾಯಿ-ಬಂಗುಡೆಗೆ ಅನ್ನ ಒದಗುವುದು ಬಹುಪಾಲು ಮುಂಗಾರಿನಲ್ಲಿ ಕಡಲಿನ ಆಳದಿಂದ ಮೇಲೇಳುವ ತಣ್ಣನೆಯ, ಪೋಷಕಾಂಶ ತುಂಬಿದ ನೀರಿನಿಂದ. ಹೊಳೆಗಳ ಪಾತ್ರ ಅಳಿವೆಯಲ್ಲಿ, ದಂಡೆಯ ಮರಳಿನಲ್ಲಿ, ಕಲ್ಲು ಸವೆದು ಬರುವ ಸಿಲಿಕಾ ಒದಗಿಸುವುದರಲ್ಲಿ ಹೆಚ್ಚು. ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗೆ ಆ ಸಿಲಿಕಾ ಬೇಕು. ದೊಡ್ಡ ಜಲಾಶಯಗಳು ಅದನ್ನು ತಡೆಯುತ್ತವೆ ಎಂಬುದನ್ನು ಡ್ಯಾನ್ಯೂಬ್ ನದಿ ಮತ್ತು ಕಪ್ಪು ಸಮುದ್ರದ ಅಧ್ಯಯನ 1997ರಲ್ಲಿ ತೋರಿಸಿತು. ತರಗತಿಯಲ್ಲಿ ನೈಲ್ ಕಥೆ ಹೇಳಿದಾಗ ಮಕ್ಕಳು ಹೊನ್ನಾವರಕ್ಕೂ ಅದೇ ತೀರ್ಮಾನ ಹಚ್ಚುತ್ತಾರೆ. ಆಗ ಪಕ್ಕದಲ್ಲಿ ವಿಜ್ಞಾನಿ ಇರಬೇಕು.

ಜತೆಯಾಗಿ ಪಾಠ ಮಾಡುವುದು ಎಂದರೆ ಏನು ಎಂಬುದಕ್ಕೆ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬಹುದು. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು, ಅಂದರೆ ಎರಡು ದೊಡ್ಡ ಚಮಚದಷ್ಟು, ಹಾಕಿ ಕದಡಿದರೆ ಸರಿಸುಮಾರು ಕಡಲಿನ ಉಪ್ಪು. ಗಾಜಿನ ಲೋಟದಲ್ಲಿ ಅರ್ಧದವರೆಗೆ ಈ ನೀರು. ಇನ್ನೊಂದು ಲೋಟದಲ್ಲಿ ಬಾವಿ ನೀರು. ಅದಕ್ಕೆ ಚಿಟಿಕೆ ಬಣ್ಣ. ಬಾವಿ ನೀರನ್ನು ಉಪ್ಪು ನೀರಿನ ಮೇಲೆ ಚಮಚದ ಬೆನ್ನಿಗೆ ತಾಗಿಸಿ ಮೆಲ್ಲಗೆ ಸುರಿದರೆ ಬಣ್ಣದ ಪದರ ಮೇಲೆಯೇ ನಿಲ್ಲುತ್ತದೆ. ಯಾವ ಮೇಷ್ಟರಾದರೂ ಮಾಡಿ ತೋರಿಸಬಹುದಾದದ್ದು. ಒಳ್ಳೆಯ ಮೇಷ್ಟರು ಸುರಿಯುವ ಮೊದಲು ನಿಲ್ಲುತ್ತಾರೆ. ಬಣ್ಣ ಎಲ್ಲಿಗೆ ಹೋದೀತು ಎಂದು ಪ್ರತಿ ಮಗುವಿನಿಂದಲೂ ಪುಸ್ತಕದಲ್ಲಿ ಬರೆಸುತ್ತಾರೆ. ತಳಕ್ಕೆ ಇಳಿಯುತ್ತದೆ ಎಂದು ಬರೆದವರು, ಪೂರ್ತಿ ಬೆರೆಯುತ್ತದೆ ಎಂದು ಬರೆದವರು ತಮ್ಮ ತಮ್ಮ ಕಾರಣ ಹೇಳಬೇಕು. ಆಮೇಲೆ ಸುರಿಯುವುದು. ಊಹೆ ಬರೆದಿಟ್ಟ ಮಗು ನೋಡುವ ನೋಟವೇ ಬೇರೆ. ಇದು ಶಿಕ್ಷಣದ ಅರಿವು. ಕಡಲ ವಿಜ್ಞಾನಿಗೆ ತಾನಾಗಿ ಬರುವುದಿಲ್ಲ.

ಆದರೆ ಪ್ರಯೋಗ ಮುಗಿದ ಮೇಲೆ ಮಕ್ಕಳಲ್ಲಿ ಉಳಿಯುವ ತೀರ್ಮಾನ ಹೀಗಿರುತ್ತದೆ: ಹೊಳೆ ನೀರು ಕಡಲ ನೀರಿನ ಮೇಲೆ ಯಾವಾಗಲೂ ತೇಲುತ್ತದೆ, ಬೆರೆಯುವುದೇ ಇಲ್ಲ. ಇದು ತಪ್ಪು. ಭರತ-ಇಳಿತ ಜೋರಾಗಿರುವ, ಆಳ ಕಡಿಮೆಯಿರುವ ಅಳಿವೆಯಲ್ಲಿ ಪದರಗಳು ಕದಡಿ ಬೆರೆಯುತ್ತವೆ; ಮಳೆಗಾಲದ ಪ್ರವಾಹದಲ್ಲಿ ಉಪ್ಪೇ ಹೊರದೂಡಲ್ಪಡುತ್ತದೆ; ನೀರಿನ ಉಷ್ಣತೆಯೂ ಲೆಕ್ಕಕ್ಕೆ ಬರುತ್ತದೆ. ಲೋಟವನ್ನು ಒಮ್ಮೆ ಅಲುಗಾಡಿಸಿ, ಈಗ ಏನಾಯಿತು ನೋಡಿ ಎಂದು ಹೇಳುವುದು ವಿಜ್ಞಾನಿಯ ಕೆಲಸ. ಈ ಎರಡನೆಯ ಹೆಜ್ಜೆ ಇಲ್ಲದ ಪಾಠ ಕುತೂಹಲ ಹುಟ್ಟಿಸಿ ತಪ್ಪು ಕಲಿಸುತ್ತದೆ. ಮೊದಲನೆಯದಿಲ್ಲದ ಪಾಠವನ್ನು ಮಕ್ಕಳು ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ.

ಅದೇ ಲೋಟದಿಂದ ಎರಡು ಕಡಲುಗಳ ಕಥೆಗೂ ಹೋಗಬಹುದು. ಅರಬ್ಬೀ ಸಮುದ್ರದ ಮೇಲ್ಮೈಯಲ್ಲಿ ಕಿಲೋ ನೀರಿಗೆ ಸುಮಾರು 36 ಗ್ರಾಂ ಉಪ್ಪು. ಅಲ್ಲಿ ಆವಿಯಾಗುವುದು ಹೆಚ್ಚು, ಸೇರುವ ದೊಡ್ಡ ನದಿಗಳು ಕಡಿಮೆ. ಬಂಗಾಳ ಕೊಲ್ಲಿ ಅದಕ್ಕಿಂತ ಸಪ್ಪೆ. ಗಂಗೆ, ಬ್ರಹ್ಮಪುತ್ರ, ಐರಾವತಿಗಳ ಜತೆಗೆ ಮಳೆಯೂ ಅಲ್ಲಿ ಸುರಿಯುತ್ತದೆ. ಕೊಲ್ಲಿಯ ಮೇಲೆ ತೆಳುವಾಗಿ ಹರಡಿದ ಸಿಹಿನೀರಿನ ಪದರ ಕೆಳಗಿನ ತಣ್ಣೀರನ್ನು ಮೇಲೆ ಬರಗೊಡುವುದಿಲ್ಲ, ಹೀಗಾಗಿ ಮೇಲ್ಮೈ ಬಿಸಿಯಾಗಿಯೇ ಉಳಿದು ಮೋಡ ಕಟ್ಟುತ್ತದೆ. ಎರಡು ಕಡಲುಗಳ ಈ ವ್ಯತ್ಯಾಸವನ್ನೂ ಮುಂಗಾರಿಗೆ ಅದರ ನಂಟನ್ನೂ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಶೆಣೈ, ಶಂಕರ್, ಶೇಟ್ಯೆ 2002ರಲ್ಲಿ ವಿವರಿಸಿದರು. ತುಂಗೆಯ ಪಾಲು ಇದರಲ್ಲಿ ಅತಿ ಸಣ್ಣದು, ಮತ್ತು ದಾರಿಯುದ್ದಕ್ಕೂ ಅಣೆಕಟ್ಟುಗಳಿರುವುದರಿಂದ ಮಳೆಗಾಲ ಬಿಟ್ಟರೆ ಕೃಷ್ಣೆಯ ನೀರು ಕಡಲು ಮುಟ್ಟುವುದೇ ಕಡಿಮೆ. ತೀರ್ಥಹಳ್ಳಿಯ ಮಕ್ಕಳಿಗೆ ಇದನ್ನೂ ಹೇಳಬೇಕು. ಊರಿನ ಅಭಿಮಾನಕ್ಕಾಗಿ ಲೆಕ್ಕ ಹಿಗ್ಗಿಸಬಾರದು.

ಹೊಳೆ ಕಡಲಿಗೆ ಇಳಿಯುವ ದಾರಿಯಾದರೆ ಮಳೆ ಕಡಲು ಘಟ್ಟಕ್ಕೆ ಏರಿಬರುವ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 7,600 ಮಿ.ಮೀ. ಮಳೆ. ಹಳಬರ ಲೆಕ್ಕದಲ್ಲಿ 300 ಇಂಚು. ಒಂದು ಚದರ ಮೀಟರ್ ಅಂಗಳದ ಮೇಲೆ ವರ್ಷಕ್ಕೆ 7,600 ಲೀಟರ್. ಅಲ್ಲಿಂದ ಮೂಡಣಕ್ಕೆ ಶಿವಮೊಗ್ಗ ತಲುಪುವಷ್ಟರಲ್ಲಿ ಮಳೆ ಹತ್ತರಲ್ಲಿ ಒಂದೆರಡು ಪಾಲಿಗೆ ಇಳಿದಿರುತ್ತದೆ. ಮಲೆನಾಡಿನ ಎಷ್ಟೋ ಅಡಿಕೆ ಬೆಳೆಗಾರರ ಮನೆಯಲ್ಲಿ ಮಳೆ ಅಳೆಯುವ ಪಾತ್ರೆಯೂ ಬರೆದಿಟ್ಟ ಪುಸ್ತಕವೂ ಇರುತ್ತವೆ. ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಅಳೆಯುತ್ತದೆ. ಶಾಲೆಯೂ ಅದೇ ಹೊತ್ತಿಗೆ ಅಳೆದರೆ ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಇಲ್ಲಿ ಮೇಷ್ಟರ ಕೈಯಲ್ಲಿ ವಿಜ್ಞಾನಿಗೆ ಸಿಗದ ಒಂದು ಸಾಧನವಿದೆ: ಮಳೆ ನಕ್ಷತ್ರಗಳ ಪಂಚಾಂಗ. ಜೂನ್ 8ರ ಹೊತ್ತಿಗೆ ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಹೀಗೆ ಸುಮಾರು ಹದಿಮೂರು-ಹದಿನಾಲ್ಕು ದಿನಗಳ ಕಂತುಗಳು. ಮಲೆನಾಡಿನ ಮನೆಗಳಲ್ಲಿ ಮಳೆಯ ನೆನಪು ಇರುವುದೇ ಈ ಹೆಸರುಗಳಲ್ಲಿ. ವಿಜ್ಞಾನಿಯ ಕಡೆ ಇರುವುದು ಉಪಗ್ರಹದ ಚಿತ್ರ. ಡಿ.ಆರ್. ಸಿಕ್ಕಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ 1980ರಲ್ಲಿ ಪ್ರಕಟಿಸಿದ ಅಧ್ಯಯನ, ಮುಂಗಾರಿನ ಕಾಲದಲ್ಲಿ ಸಮಭಾಜಕದ ಬಳಿಯ ಕಡಲಿನ ಮೇಲೆ ಹುಟ್ಟಿದ ಮೋಡಪಟ್ಟಿಗಳು ಅಲೆಅಲೆಯಾಗಿ ಉತ್ತರಕ್ಕೆ ಸರಿದು ನೆಲದ ಮೇಲೆ ಬರುವುದನ್ನು ತೋರಿಸಿತು. 1984ರಲ್ಲಿ ಸುಲೋಚನಾ ಅವರೂ ಸಹೋದ್ಯೋಗಿಗಳೂ, ಕಡಲ ಮೇಲ್ಮೈ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟದೆ ಅಲ್ಲಿ ದೊಡ್ಡ ಮೋಡ ಕಟ್ಟುವುದು ಅಪರೂಪ ಎಂದು ತೋರಿಸಿದರು. ಮಕ್ಕಳು ತಮ್ಮ ಶಾಲೆಯ ಮಳೆಲೆಕ್ಕವನ್ನು ನಕ್ಷತ್ರವಾರು ಕೂಡಿಸಿ, ಅದರ ಪಕ್ಕದಲ್ಲಿ ಅದೇ ದಿನಗಳ ಮೋಡಚಿತ್ರ ಇಟ್ಟರೆ, ಪುನರ್ವಸು ಯಾಕೆ ಸುರಿಯಿತು, ಪುಷ್ಯ ಯಾಕೆ ಕೈಕೊಟ್ಟಿತು ಎಂಬ ಪ್ರಶ್ನೆ ಕಡಲಿನ ಮೇಲಿನ ಪ್ರಶ್ನೆಯಾಗುತ್ತದೆ. ನಕ್ಷತ್ರ ಮಳೆ ತರುವುದಿಲ್ಲ ಎಂದು ಮೊದಲ ದಿನವೇ ವಾದಕ್ಕಿಳಿಯುವ ಅಗತ್ಯವಿಲ್ಲ. ಐದಾರು ವರ್ಷದ ಲೆಕ್ಕ ಕೂಡಿದಾಗ ಆ ಹೆಸರುಗಳು ದಿನಗಣನೆಗೆ ಎಷ್ಟು ಅನುಕೂಲ, ಮುನ್ಸೂಚನೆಗೆ ಎಷ್ಟು ದುರ್ಬಲ ಎಂಬುದು ಮಕ್ಕಳಿಗೇ ಕಾಣುತ್ತದೆ.

ಸುಲೋಚನಾ ಅವರ ಇನ್ನೊಂದು ಕೆಲಸವೂ ನಮ್ಮ ವಿಷಯಕ್ಕೆ ಹತ್ತಿರ. ಪಾವಗಡ-ಅನಂತಪುರದ ಬಯಲಿನಲ್ಲಿ ಶೇಂಗಾ ಬೆಳೆಯುವ ರೈತರ ಜತೆ ಕೂತು, ಬಿತ್ತನೆ ಯಾವಾಗ ಎಂಬ ಅವರ ಪ್ರಶ್ನೆಯನ್ನೇ ತಮ್ಮ ಸಂಶೋಧನೆಯ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಕೇಳುವವರ ತೀರ್ಮಾನಗಳಿಂದ ಹೊರಟು ವಿಜ್ಞಾನಕ್ಕೆ ಬರುವ ಈ ಕ್ರಮವೇ ಸಂವಹನದ ನಿಜವಾದ ಕ್ರಮ ಎಂದು ನಾನು ತಿಳಿಯುತ್ತೇನೆ. ಘಟ್ಟದ ಕಾಡಿಗೆ ಮಾಧವ, ಮುಂಗಾರಿಗೆ ಸುಲೋಚನಾ: ಒಂದೇ ಮನೆಯ ಇಬ್ಬರು ಕರ್ನಾಟಕದ ಮಣ್ಣಿನಲ್ಲಿ ಮಾಡಿದ ಈ ಕೆಲಸಗಳು ನಮ್ಮ ಶಾಲಾ ಪಾಠದಲ್ಲಿ ಒಟ್ಟಿಗೆ ಬರಬೇಕು.

ಕನ್ನಡದಲ್ಲಿ ಇಂಥ ಪಾಠ ಸಾಧ್ಯವೇ ಎಂಬ ಸಂಶಯಕ್ಕೆ ಈಗ ಜಾಗವಿಲ್ಲ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಸೇರಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದರು. ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಅಧ್ಯಾಪಕರೇ ಅದರ ಬೆನ್ನೆಲುಬು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಬಂದವು. ಕುಪ್ಪಳಿಯಲ್ಲಿ ಹುಟ್ಟಿದ ತೇಜಸ್ವಿ ಅಂಡಮಾನಿನ ಕಡಲನ್ನು ಮಲೆನಾಡಿನ ಓದುಗನ ಮನೆಗೆ ತಂದರು. 1980ರಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಶಾಲಾ ಶಿಕ್ಷಕರನ್ನೇ ಕಾರ್ಯಕರ್ತರನ್ನಾಗಿಸಿ ಬೆಳೆಯಿತು. ಇವುಗಳಲ್ಲಿ ನಮಗೆ ತೀರ ಹತ್ತಿರದ ಮಾದರಿ 1993ರಲ್ಲಿ ದೇಶಾದ್ಯಂತ ಶುರುವಾದ ಮಕ್ಕಳ ವಿಜ್ಞಾನ ಸಮಾವೇಶ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನದೇ ಸಮಸ್ಯೆಯನ್ನು ಆರಿಸಿ, ಮಾರ್ಗದರ್ಶಿ ಶಿಕ್ಷಕರ ಜತೆ ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲೇ ಮಂಡಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆರೆ ಸಮ್ಮೇಳನಗಳು 2016ರಲ್ಲಿ, 2018ರಲ್ಲಿ ಮೂಡುಬಿದಿರೆಯಲ್ಲಿ ನಡೆದಾಗಲೂ ಶಾಲಾ ಮಕ್ಕಳು ಪ್ರಬಂಧ ಮಂಡಿಸಿದರು.

ಹೆಗ್ಗೋಡಿನ ನೀನಾಸಂ ಕಲಿಸಿದ್ದನ್ನೂ ಸೇರಿಸಿಕೊಳ್ಳಬೇಕು. 1949ರಲ್ಲಿ ಹುಟ್ಟಿದ ಆ ಸಂಸ್ಥೆ ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಸಾಗರ ತಾಲ್ಲೂಕಿನ ಹಳ್ಳಿಗರಿಗೆ ಜಗತ್ತಿನ ಶ್ರೇಷ್ಠ ಸಿನಿಮಾ ತೋರಿಸಿತು, ಸುಲಭ ಮಾಡಿ ಅಲ್ಲ, ಚರ್ಚೆ ಕಲಿಸಿ. ಕಷ್ಟದ ವಿಷಯವನ್ನು ತೆಳುಗೊಳಿಸದೆಯೇ ಹಳ್ಳಿಗೆ ಒಯ್ಯಬಹುದು, ಅದಕ್ಕೆ ತರಬೇತಾದ ಮಧ್ಯವರ್ತಿಗಳು ಬೇಕು ಎಂಬುದು ಅಲ್ಲಿ ಸಾಬೀತಾಗಿದೆ.

ಕೊರತೆ ಇರುವುದು ಕೂಡಿಸುವುದರಲ್ಲಿ. ಕಡಲ ವಿಜ್ಞಾನದ ನಮ್ಮ ಸಂಸ್ಥೆಗಳು ಹೆಚ್ಚಾಗಿ ಘಟ್ಟದ ಕೆಳಗಿವೆ: ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು, ಎರಡೂ ಕಡೆ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಘಟಕಗಳು. ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆಯಾದ ಇನ್‌ಕಾಯ್ಸ್ ಮೀನು ಸಿಗುವ ತಾಣಗಳ ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತದೆ, ಅದು ಮೀನುಗಾರರಿಗೆ. ಮೇಲಿನ ಮೂರು ತಾಲ್ಲೂಕುಗಳ ಶಿಕ್ಷಕರಿಗೆ ಈ ಸಂಸ್ಥೆಗಳ ದಾರಿ ದೂರ. ವರ್ಷಕ್ಕೊಂದು ವಿಶೇಷ ಉಪನ್ಯಾಸದಿಂದ ಆ ದೂರ ಕಡಿಮೆಯಾಗುವುದಿಲ್ಲ. ಉಪನ್ಯಾಸ ಮುಗಿದ ಮರುದಿನ ಮಕ್ಕಳ ಪ್ರಶ್ನೆ ಎದುರಿಸುವವರು ಮೇಷ್ಟರು. ಪಾಠ ಕಟ್ಟುವಾಗ ಅವರು ಜತೆಗಿದ್ದಿದ್ದರೆ ಮಾತ್ರ ಅವರಲ್ಲಿ ಉತ್ತರವಿರುತ್ತದೆ.

ಈ ಪಾಠ ಈ ಊರುಗಳಲ್ಲಿ ಬರಿಯ ಪಾಠವಾಗಿ ಉಳಿಯುವುದಿಲ್ಲ ಎಂಬುದೂ ನನಗೆ ಗೊತ್ತು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ ಸಾಗರದ ಸಾಹಿತಿ ನಾ. ಡಿಸೋಜ ಅವರಂಥವರ ಮುಂದಾಳುತನದಲ್ಲಿ ಜಿಲ್ಲೆಯೇ ಎದ್ದು ನಿಂತಿತು. ಆ ಜಲಾಶಯದ ಮುಳುಗಡೆಯ ನೋವು ಕಂಡ ಮನೆಗಳು ಇಲ್ಲಿ ಇನ್ನೂ ಇವೆ. ಮೇಷ್ಟರು ತರಗತಿಯಲ್ಲಿ ಪಕ್ಷ ವಹಿಸಬೇಕಿಲ್ಲ. ಆದರೆ ಯಾವ ಯೋಜನೆಯ ಚರ್ಚೆ ಬಂದರೂ, ಆ ನೀರು ಈಗ ಕಡಲಲ್ಲಿ ಏನು ಮಾಡುತ್ತಿದೆ, ಯಾವ ತಿಂಗಳಲ್ಲಿ ಎಂದು ಕೇಳಬಲ್ಲ ಹುಡುಗ-ಹುಡುಗಿಯರು ಈ ಶಾಲೆಗಳಿಂದ ಹೊರಬರಬೇಕು.

ಆದ್ದರಿಂದ ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೂ ಕರಾವಳಿಯ ಕಡಲ ವಿಜ್ಞಾನ ವಿಭಾಗಗಳಿಗೂ ಒಂದು ನಿರ್ದಿಷ್ಟ ಕೋರಿಕೆ. ಒಂದೇ ಹೊಳೆಯ ಮೇಲಿನ ಮೂರು ಪ್ರೌಢಶಾಲೆಗಳನ್ನು ಜೋಡಿಸಿ: ಅಂಬುತೀರ್ಥದ ಕಡೆಯದೊಂದು, ಲಿಂಗನಮಕ್ಕಿ ಹಿನ್ನೀರಿನ ದಂಡೆಯದೊಂದು, ಹೊನ್ನಾವರದ ಅಳಿವೆಯ ಬಳಿಯದೊಂದು. ತಿಂಗಳಿಗೊಮ್ಮೆ ಒಂದೇ ದಿನ ಮೂರೂ ಕಡೆ ನೀರಿನ ಉಷ್ಣತೆ, ಉಪ್ಪು, ತಿಳಿತನ ಅಳೆಯಲಿ. ಉಷ್ಣಮಾಪಕ ಶಾಲೆಯಲ್ಲೇ ಇದೆ; ತಿಳಿತನ ನೋಡಲು ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆ ಸಾಕು; ಉಪ್ಪಳೆಯುವ ಕೈ ಉಪಕರಣವನ್ನು ಕರಾವಳಿಯ ಸಿಗಡಿ ಕೃಷಿಕರು ದಿನನಿತ್ಯ ಬಳಸುತ್ತಾರೆ. ಶರಾವತಿಯ ಬಗ್ಗೆ ಈಗಾಗಲೇ ಪ್ರಕಟವಾಗಿರುವ ಇಂಗ್ಲಿಷ್ ವರದಿಗಳ ಸಾರ ಕನ್ನಡದಲ್ಲಿ ಆ ಮೂರು ಶಾಲೆಗಳ ಶಿಕ್ಷಕರ ಕೈ ಸೇರಲಿ, ಮತ್ತು ಅದನ್ನು ಬರೆಯುವಾಗ ಆ ಶಿಕ್ಷಕರೂ ಕೂತಿರಲಿ. ಮುಂದಿನ ಮೃಗಶಿರ ಮಳೆಗೆ ಮೊದಲ ಅಳತೆ ಶುರುವಾದರೆ, ಬೇಸಿಗೆಯ ಹೊತ್ತಿಗೆ ಹೊನ್ನಾವರದ ನೀರು ಎಷ್ಟು ಸಪ್ಪೆ ಎಂಬುದಕ್ಕೆ ಮಕ್ಕಳದೇ ಲೆಕ್ಕ ಇರುತ್ತದೆ.